ನೊರೆ ಬಾರದ ಸೀಸೆಗಳು

ಜನವರಿ 6

ಪ್ರೀತಿಯ ಗುಬ್ಬಿ,

ಆಸ್ಪತ್ರೆಯ ವ್ಯಾನಿನವನ ಕೈಯಲ್ಲಿ ನಾಲ್ಕು ಬಾಟಲಿ ಜೇನು ಕಳಿಸಿದ್ದೇನೆ. ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಳ್ಳಬೇಕೆಂದು ಹೇಳಿದ್ದಕ್ಕೆ, ತನ್ನ ಮಗುವನ್ನೂ ಇಷ್ಟು ಜೋಪಾನವಾಗಿ ಹಿಡಿದವನಲ್ಲ ಎಂದು ಗೊಣಗಿದ. ಮುಚ್ಚಳಗಳಿಗೆ ಸೂಜಿಯಿಂದ ತೂತು ಮಾಡಿದ್ದೇನೆ. ಅದನ್ನು ಮುಚ್ಚಬೇಡ. ಇದು ಅಂಗಡಿಯ ಜೇನಿನ ಹಾಗೆ ಮಂದವಲ್ಲ, ನೀರು ನೀರು. ಸುಮ್ಮನಿದ್ದರೂ ನೊರೆ ಬರುತ್ತದೆ. ನಾಲಿಗೆಗಿಟ್ಟರೆ ಹುಳಿ.

ಹಿತ್ತಿಲ ಗೋಡೆಗೆ ತೂಗುಹಾಕಿದ ಹನ್ನೊಂದು ಪೆಟ್ಟಿಗೆಗಳಲ್ಲಿ ಈ ಸಲ ತೆಗೆದದ್ದು ಆರರಿಂದ ಮಾತ್ರ. ಮುಜಂಟಿ ಜೇನಿಗೆ ಕೊಂಡಿಯಿಲ್ಲ ಎಂದು ಜನ ಹೆದರುವುದಿಲ್ಲ. ಆದರೆ ಕೂದಲಿನೊಳಗೆ ನುಗ್ಗಿ ಕಚ್ಚುತ್ತವಲ್ಲ, ಅದಕ್ಕೇನೆನ್ನಬೇಕು. ಅವುಗಳ ಮೇಣದ ಕುಡಿಕೆಗಳು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಒಂದೊಂದಕ್ಕೂ ಸಿರಿಂಜು ಇಳಿಸಿ ಎಳೆಯಬೇಕು. ಇಪ್ಪತ್ತೆರಡು ವರ್ಷ ಸಿರಿಂಜು ಹಿಡಿದ ಕೈ ನನ್ನದು, ಆದರೂ ಈ ರೋಗಿಗಳಿಗೆ ಚುಚ್ಚುವಾಗ ಉಸಿರು ಬಿಗಿಹಿಡಿಯುತ್ತೇನೆ.

ಗಾಯಗಳಿಗೆ ಈ ಜೇನು ಹಾಕಿ ನೋಡಲು ನಮ್ಮ ಸರ್ಜನ್ ಕೊನೆಗೂ ಒಪ್ಪಿದರು. ಕುದಿನೀರು ಬಿದ್ದ ನನ್ನ ಮುಂಗೈ ಎಷ್ಟು ಚೆನ್ನಾಗಿ ಮಾಗಿತೆಂದು ಅವರೇ ನೋಡಿದ್ದಾರೆ. ಆದರೆ ಷರತ್ತು ಹಾಕಿದ್ದಾರೆ: ಪೆಟ್ಟಿಗೆಯಿಂದ ತೆಗೆದ ಜೇನನ್ನು ನೇರವಾಗಿ ಗಾಯಕ್ಕೆ ಹಾಕುವಂತಿಲ್ಲ, ಅದರಲ್ಲಿ ಏನೇನು ಕ್ರಿಮಿ ಇರುತ್ತದೋ. ನಿಮ್ಮ ಪ್ರಯೋಗಾಲಯ ಪರೀಕ್ಷೆ ಮಾಡಬೇಕು, ಕಿರಣ ಹಾಯಿಸಿ ಶುದ್ಧ ಮಾಡಬೇಕು, ಪುಟ್ಟ ಸೀಸೆಗಳಲ್ಲಿ ಮೊಹರು ಮಾಡಿ ಕಳಿಸಬೇಕು. ಹತ್ತು ರೋಗಿಗಳು, ಎಲ್ಲರಿಂದ ಒಪ್ಪಿಗೆಯ ಸಹಿ. ನಿನ್ನ ಪ್ರೊಫೆಸರಿಗೂ ಪತ್ರ ಹೋಗಿದೆ.

ಫೋನ್ ಮಾಡು ಎನ್ನುತ್ತೀಯ. ಫೋನಿನಲ್ಲಿ ನೀನು ಬರೀ ಹೂಂ ಹೂಂ ಅನ್ನುವವಳು. ಕಾಗದದಲ್ಲಾದರೆ ನಾಲ್ಕು ಮಾತಾಡುತ್ತೀಯ. ಹಾಗಾಗಿ ಬರೆ.

ನಿನ್ನ ಅಕ್ಕ


ಜನವರಿ 24

ಅಕ್ಕಾ,

ಇವತ್ತು ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ತಟ್ಟೆಗಳನ್ನು ನೋಡಿದೆ. ನೀನೂ ನೋಡಬೇಕಿತ್ತು.

ನಿಮ್ಮ ಆಸ್ಪತ್ರೆಯ ರೋಗಿಗಳ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಲೋಳೆಯ ಮೇಲೆ ಸವರುತ್ತೇವೆ. ರಾತ್ರಿ ಕಳೆಯುವುದರೊಳಗೆ ಅದು ಗಾಜಿನ ಮೇಲಿನ ಉಸಿರಿನ ಹಾಗೆ ಮಂಜಾಗಿ ಹಬ್ಬುತ್ತದೆ. ಲೋಳೆಯಲ್ಲಿ ಸಣ್ಣ ಗುಳಿ ಕೊರೆದು ನಿನ್ನ ಜೇನನ್ನು ತುಂಬಿದ್ದೆ. ಗುಳಿಯ ಸುತ್ತ ಮಂಜೇ ಇಲ್ಲ, ದುಂಡಗೆ ತಿಳಿಯಾಗಿದೆ. ಅಳೆದೆ, ಹತ್ತೊಂಬತ್ತು ಮಿಲಿಮೀಟರ್. ಅಂಗಡಿಯ ಜೇನು ಹಾಕಿದ ಗುಳಿಯ ಸುತ್ತ ಒಂಬತ್ತು ಅಷ್ಟೆ. ಔಷಧಿಗಳಿಗೇ ಬಗ್ಗದ ಬ್ಯಾಕ್ಟೀರಿಯಾ ಅದು, ಅಕ್ಕಾ. ಪ್ರೊಫೆಸರ್ ಎರಡು ಸಲ ಅಳೆಸಿದರು. ಮೂರನೆಯ ಸಲ ತಾವೇ ಅಳೆದರು. ಆಮೇಲೆ ಮೊದಲ ಬಾರಿಗೆ ನನ್ನನ್ನು ಕೂರಲು ಹೇಳಿದರು. ಮೇ ತಿಂಗಳ ಸಮ್ಮೇಳನಕ್ಕೆ ವರದಿ ಸಿದ್ಧವಾಗಬೇಕಂತೆ, ಅದನ್ನು ನಾನೇ ಓದಬೇಕಂತೆ. ಅಷ್ಟು ಜನರೆದುರು ನಿಲ್ಲುವುದನ್ನು ನೆನೆದು ಈಗಲೇ ಕನ್ನಡಿಯ ಮುಂದೆ ನಿಂತು ಮಾತಾಡಿ ನೋಡುತ್ತಿದ್ದೇನೆ.

ಒಂದು ಎಡವಟ್ಟೂ ಆಗಿದೆ. ಸಹಾಯಕಿ ತೂತಿನ ಮುಚ್ಚಳ ನೋಡಿ ಯಾರ ಬುದ್ಧಿವಂತಿಕೆ ಇದು ಎಂದು ಬಿಗಿ ಮುಚ್ಚಳ ಹಾಕಿಬಿಟ್ಟಿದ್ದಳು. ಫ್ರಿಜ್ಜಿನಲ್ಲೇ ಬಾಟಲಿ ಬಿರಿದು ಎಲ್ಲರ ಡಬ್ಬಗಳಿಗೂ ಅಂಟು. ವಾರವಿಡೀ ನಾನು ಕಾರಿಡಾರಿನಲ್ಲಿ ತಲೆ ತಗ್ಗಿಸಿ ಓಡಾಡಿದೆ.

ಕಿರಣ ಹಾಯಿಸುವ ಯಂತ್ರ ಇರುವುದು ಊರಾಚೆಯ ಕೇಂದ್ರದಲ್ಲಿ. ಮುಂದಿನ ವಾರ ನಮ್ಮ ಸರದಿ. ನಲವತ್ತು ಸೀಸೆ ಕಳಿಸುತ್ತೇನೆ.

ನಿನ್ನ ಗುಬ್ಬಿ


ಫೆಬ್ರವರಿ 20

ಪ್ರೀತಿಯ ಗುಬ್ಬಿ,

ಹೋಟೆಲಿನ ಅಡುಗೆಯವಳ ಸುಟ್ಟ ತೊಡೆಯ ಬಗ್ಗೆ ಬರೆದಿದ್ದೆನಲ್ಲ, ಇವತ್ತು ಪಟ್ಟಿ ಬಿಚ್ಚಿದೆ. ಹದಿನೈದು ದಿನಕ್ಕೆ ಎಳೆಯ ಚರ್ಮ ಕೂಡಿಕೊಂಡಿದೆ. ಪಟ್ಟಿ ಬಿಚ್ಚುವಾಗ ಅಂಟಿ ನೋಯಲಿಲ್ಲ ಎಂಬುದೇ ಅವಳಿಗೆ ದೊಡ್ಡ ವಿಷಯ. "ಸಿಸ್ಟರ್, ಜೇನು ಹಾಕೋ ಮುಂಚೆ ನೀವು ನೋಯಿಸ್ತಿದ್ದದ್ದು ಬೇಕಂತಲೇನಾ?" ಎಂದಳು. ಆರು ರೋಗಿಗಳಾದರು. ಒಬ್ಬರಿಗೂ ಕೆಟ್ಟದ್ದಾಗಿಲ್ಲ. ನನ್ನ ಹತ್ತಿರ ಉಳಿದಿರುವುದು ಮೂರೇ ಸೀಸೆ.

ಏಳನೆಯವರು ಯಾರು ಗೊತ್ತೇ? ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ಗುಂಗುರು ಕೂದಲೆಲ್ಲ ಹೋಗಿದೆ, ದನಿ ಮಾತ್ರ ಮೈದಾನದ ಆಚೆ ತುದಿಗೆ ಕೇಳುವ ಹಾಗೇ ಇದೆ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಹಿಮ್ಮಡಿಯಲ್ಲಿ ಹುಣ್ಣು, ಎರಡು ರೂಪಾಯಿ ನಾಣ್ಯದಷ್ಟು. ಮಾಮೂಲಿ ಮುಲಾಮಿನಿಂದ ಕುಗ್ಗುತ್ತಲೂ ಇಲ್ಲ, ಬೆಳೆಯುತ್ತಲೂ ಇಲ್ಲ. ಜೇನಿನ ವಿಷಯ ಹೇಳಿದೆ. ಒಪ್ಪಿಗೆಯ ಕಾಗದವನ್ನು ಪೂರ್ತಿ ಓದಿದವರು ಅವರೊಬ್ಬರೇ. ಮುಲಾಮು ನಿಲ್ಲಿಸಬೇಕಾಗುತ್ತದೆ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು.

"ಇದೆಲ್ಲ ನಂಗರ್ಥ ಆಗಲ್ಲ. ನೀನು ಸಹಿ ಹಾಕು ಅಂತೀಯಾ?"

"ಹಾಕಿ ಅಂತೀನಿ ಸರ್."

"ಜೇನು ನಿನ್ನದು. ಪರೀಕ್ಷೆ ಯಾರ್ದು?"

"ನನ್ನ ತಂಗೀದು."

"ಯಾವಾಗಲೂ ತಪ್ಪು ಕಾಲು ಮುಂದಿಡ್ತಿದ್ದಳಲ್ಲ, ಅವಳಾ?" ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಆಮೇಲೆ ಸಹಿ ಹಾಕಿದರು.

ಹೊಸ ಸೀಸೆ ಬಂದ ಕೂಡಲೇ ಶುರುಮಾಡುತ್ತೇನೆ, ನಡುವೆ ನಿಲ್ಲಿಸುವ ಹಾಗಿಲ್ಲ. ಈ ವಾರ ಐದು ಬಾಟಲಿ ಕಳಿಸುತ್ತಿದ್ದೇನೆ. ಬೇಗ ಮಾಡು.

ನಿನ್ನ ಅಕ್ಕ


ಮಾರ್ಚ್ 3

ಅಕ್ಕಾ,

ಐವತ್ತು ಸೀಸೆ ಇದೆ. ಎಲ್ಲ ಹಿಂದಿನ ಹಾಗೇ. ಲೇಬಲ್ಲಿನಲ್ಲಿ ತಾರೀಕು ಬರೆದಿದ್ದೇನೆ.

ಇಲ್ಲಿ ಬಿಸಿಲು ಜಾಸ್ತಿ. ನನ್ನ ಕೋಣೆಯ ಫ್ಯಾನು ಕೆಟ್ಟಿದೆ. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ಹುಣ್ಣನ್ನು ವಾರಕ್ಕೊಮ್ಮೆ ಅಳೆದು, ಫೋಟೋ ತೆಗೆದು ಕಳಿಸಿದರೆ ವರದಿಗೆ ಒಳ್ಳೆಯದು.

ಗುಬ್ಬಿ


ಮಾರ್ಚ್ 14

ಗುಬ್ಬಿ,

ಮೊನ್ನೆ, ಹನ್ನೆರಡಕ್ಕೆ, ಮೇಷ್ಟ್ರ ಕಾಲಿಗೆ ಶುರುಮಾಡಿದೆ. ನಿನ್ನ ನಮಸ್ಕಾರ ಹೇಳಿದೆ. "ಅವಳು ನಿಂತಲ್ಲಿಂದಲೇ ಸೆಲ್ಯೂಟ್ ಹೊಡೀಲಿ, ನಡೆದುಕೊಂಡು ಬಂದರೆ ಯಾರನ್ನಾದ್ರೂ ತುಳೀತಾಳೆ" ಎಂದರು.

ಒಂದು ವಿಷಯ ಕೇಳಬೇಕು. ಈ ಸಲದ ಜೇನು ಸ್ವಲ್ಪ ಕಪ್ಪಗಿದೆ. ಮೊಹರು ಒಡೆದಾಗ ಆ ಹುಳಿ ವಾಸನೆ ಬರಲಿಲ್ಲ, ಬೆಲ್ಲ ಕಾಯಿಸಿದ ವಾಸನೆ ಬಂತು. ಒಂದು ಸೀಸೆಯ ಮೊಹರು ತೆಗೆದು ಎರಡು ದಿನ ಮೇಜಿನ ಮೇಲಿಟ್ಟು ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಹೋದ ಸಲದ್ದರಲ್ಲೂ ನೊರೆ ಬರಲಿಲ್ಲ ನಿಜ. ಆದರೆ ಅದರ ಬಣ್ಣ, ವಾಸನೆ ನನ್ನ ಪೆಟ್ಟಿಗೆಯದೇ ಆಗಿತ್ತು. ಎಲ್ಲ ಸರಿಯಿದೆ ತಾನೆ? ಬೇರೆ ಯಾರದ್ದೋ ಜೊತೆ ಅದಲುಬದಲಾಗಿಲ್ಲವಷ್ಟೆ?

ನೀನು ಒಂದು ಮಾತು ಬರೆದರೆ ಸಾಕು, ಮುಂದುವರಿಸುತ್ತೇನೆ.

ನಿನ್ನ ಅಕ್ಕ


ಮಾರ್ಚ್ 19

ಅಕ್ಕಾ,

ನೀನು ಸುಮ್ಮನೆ ಗಾಬರಿಯಾಗುತ್ತೀಯ. ಹೂವು ಬದಲಾದ ಹಾಗೆ ಜೇನಿನ ಬಣ್ಣವೂ ಬದಲಾಗುತ್ತದೆ, ಇದನ್ನು ನನಗೆ ಹೇಳಿಕೊಟ್ಟವಳೇ ನೀನು. ಕಿರಣ ಹಾಯಿಸಿದ ಮೇಲೆ ನೊರೆ ಏಳಿಸುವ ಜೀವಿಗಳೆಲ್ಲ ಸಾಯುತ್ತವೆ, ಗುಳ್ಳೆ ಬಾರದಿರುವುದೇ ಸರಿ. ವಾಸನೆಯೂ ಅದರಿಂದಲೇ ಇರಬೇಕು.

ಮುಂದುವರಿಸು. ನಡುವೆ ನಿಲ್ಲಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಹತ್ತು ಜನ ಆಗಲೇಬೇಕು.

ಗುಬ್ಬಿ


ಏಪ್ರಿಲ್ 8

ಪ್ರೀತಿಯ ಗುಬ್ಬಿ,

ಕೂತು ಓದು.

ಮಾರ್ಚ್ ಕೊನೆಯ ವಾರದಲ್ಲಿ ಮೇಷ್ಟ್ರ ಹುಣ್ಣಿನ ಅಂಚು ಬೂದಿ ಬಣ್ಣಕ್ಕೆ ತಿರುಗಿತು. ನಾನು ದಿನಕ್ಕೆ ಒಂದರ ಬದಲು ಎರಡು ಸಲ ಪಟ್ಟಿ ಬದಲಿಸಿದೆ, ಜೇನು ಹೆಚ್ಚು ಹಾಕಿದೆ. ಮೂವತ್ತಕ್ಕೆ ಜ್ವರ ಬಂತು. ಸರ್ಜನ್ ಜೇನು ನಿಲ್ಲಿಸಿ ಎಲ್ಲ ಔಷಧಿ ಶುರುಮಾಡಿಸಿದರು. ಅಷ್ಟರಲ್ಲಿ ಮೂಳೆಗೆ ಇಳಿದಿತ್ತು. ನಿನ್ನೆ ಕಾಲು ತೆಗೆದರು. ಮೊಣಕಾಲಿನ ಕೆಳಗೆ ಒಂದು ಗೇಣು ಉಳಿದಿದೆ.

ಎಚ್ಚರವಾದ ಮೇಲೆ ಅವರು ಹೊದಿಕೆಯನ್ನು ತಾವೇ ಸರಿಸಿ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಹೊದ್ದುಕೊಂಡು, ಊಟ ಎಷ್ಟು ಗಂಟೆಗೆ ಎಂದು ಕೇಳಿದರು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಕ್ಕರೆ ಕಾಯಿಲೆಯವರ ಗಾಯ ಯಾವಾಗ ಹೇಗೆ ತಿರುಗುತ್ತದೆಂದು ಹೇಳಲಾಗುವುದಿಲ್ಲ. ನಿನ್ನ ಕೆಲಸ ನೀನು ಮಾಡಿದೆ, ನನ್ನದು ನಾನು. ಪ್ರೊಫೆಸರ್ ಏನಾದರೂ ಅಂದರೆ ನನಗೆ ತಿಳಿಸು, ಸರ್ಜನ್ ಕೈಯಲ್ಲಿ ಮಾತಾಡಿಸುತ್ತೇನೆ. ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ


ಏಪ್ರಿಲ್ 21

ಅಕ್ಕಾ,

ನಿನ್ನ ಕಾಗದ ಬಂತು. ತುಂಬ ಬೇಜಾರಾಯಿತು. ನೀನು ಹೇಳಿದ ಹಾಗೆ ಸಕ್ಕರೆ ಕಾಯಿಲೆಯಲ್ಲಿ ಹೀಗಾಗುತ್ತದೆ.

ವರದಿಯ ಕೆಲಸದಲ್ಲಿದ್ದೇನೆ, ಆಮೇಲೆ ಬರೆಯುತ್ತೇನೆ. ಉಳಿದ ಸೀಸೆಗಳನ್ನು ವ್ಯಾನಿನವನ ಕೈಯಲ್ಲಿ ವಾಪಸ್ ಕಳಿಸಿಬಿಡು.

ಗುಬ್ಬಿ


ಮೇ 2

ಗುಬ್ಬಿ,

ಸೀಸೆಗಳನ್ನು ಕಳಿಸುತ್ತಿಲ್ಲ.

ನಿನ್ನ ಕಾಗದದ ಕೊನೆಯ ಸಾಲು ಓದುವ ತನಕ ನನಗೆ ನಿನ್ನ ಮೇಲೆ ಯಾವ ಅನುಮಾನವೂ ಇರಲಿಲ್ಲ. ಒಬ್ಬ ಮನುಷ್ಯನ ಕಾಲು ಹೋಗಿದೆ, ನನ್ನ ತಂಗಿಗೆ ಉಳಿದ ಸೀಸೆಗಳ ಚಿಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ನಮ್ಮ ಆಸ್ಪತ್ರೆಯ ಲ್ಯಾಬಿನವರು ಮೇಷ್ಟ್ರ ಕೀವಿನ ಬ್ಯಾಕ್ಟೀರಿಯಾವನ್ನು ಎತ್ತಿಟ್ಟಿದ್ದರು. ನೀನು ಜನವರಿಯಲ್ಲಿ ಬರೆದಿದ್ದೆಯಲ್ಲ, ಸವರುವುದು, ಗುಳಿ ಕೊರೆಯುವುದು, ಆ ಕಾಗದವನ್ನೇ ಎದುರಿಗಿಟ್ಟುಕೊಂಡು ಹಾಗೇ ಮಾಡಿಕೊಡಿ ಎಂದೆ. ಒಂದೇ ತಟ್ಟೆಯಲ್ಲಿ ಮೂರು ಗುಳಿ. ಒಂದಕ್ಕೆ ಪೆಟ್ಟಿಗೆಯಿಂದ ಅದೇ ದಿನ ತೆಗೆದ ಜೇನು. ಒಂದಕ್ಕೆ ಫೆಬ್ರವರಿಯ ಸೀಸೆ. ಇನ್ನೊಂದಕ್ಕೆ ಮಾರ್ಚಿನದು.

ಪೆಟ್ಟಿಗೆಯ ಜೇನಿನ ಸುತ್ತ ಹದಿನೆಂಟು ಮಿಲಿಮೀಟರ್. ಫೆಬ್ರವರಿಯದರ ಸುತ್ತ ಹದಿನೇಳು. ಮಾರ್ಚಿನ ಗುಳಿಯ ಸುತ್ತ ತಿಳಿಯಾದ ಜಾಗವೇ ಇರಲಿಲ್ಲ. ಮಂಜು ಗುಳಿಯ ಅಂಚಿಗೇ ಬಂದು ನಿಂತಿತ್ತು. ಲ್ಯಾಬಿನವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಸಿಸ್ಟರ್, ಇದನ್ನು ಯಾರೋ ಕಾಯಿಸಿದ್ದಾರೆ" ಎಂದರು. ನನ್ನ ಮೂಗು ಅದನ್ನು ಮಾರ್ಚ್ ಹನ್ನೆರಡಕ್ಕೇ ಹೇಳಿತ್ತು.

ಫೆಬ್ರವರಿಯ ಸೀಸೆಗೂ ಕಿರಣ ಹಾಯಿಸಿದ್ದೀರಿ. ಅದರ ಶಕ್ತಿ ಹೋಗಿಲ್ಲ. ಹಾಗಾದರೆ ಮಾರ್ಚ್ ಹತ್ತೊಂಬತ್ತಕ್ಕೆ ನೀನು ನನಗೆ ಬರೆದದ್ದೇನು?

ಉತ್ತರ ಬರೆ. ಹೂವಿನ ಕಥೆ ಬೇಡ.

ಅಕ್ಕ


ಮೇ 9

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಫೆಬ್ರವರಿ ಕೊನೆಗೆ ಕೇಂದ್ರದ ಕಿರಣ ಹಾಯಿಸುವ ಯಂತ್ರ ಕೆಟ್ಟಿತು. ರಿಪೇರಿಗೆ ಎರಡು ತಿಂಗಳು ಎಂದರು. ನೀನು ಬೇಗ ಮಾಡು ಎಂದಿದ್ದೆ. ಪ್ರೊಫೆಸರ್ ದಿನಾ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದರು. ಐದು ಬಾಟಲಿಗಳೂ ಫ್ರಿಜ್ಜಿನಲ್ಲಿ ನೊರೆಯೇಳುತ್ತಿದ್ದವು. ಮತ್ತೊಂದು ಬಿರಿದರೆ ಎಲ್ಲವನ್ನೂ ಚೆಲ್ಲಿಬಿಡುತ್ತೇನೆಂದು ಸಹಾಯಕಿ ಹೇಳಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿಟ್ಟೆ. ಎಪ್ಪತ್ತು ಡಿಗ್ರಿ, ಒಂದು ಗಂಟೆ. ನೊರೆ ನಿಂತಿತು. ಸೀಸೆಗೆ ತುಂಬಿ, ಕಿರಣ ಹಾಯಿಸಿದೆ ಎಂದೇ ಲೇಬಲ್ ಬರೆದೆ. ಪ್ರೊಫೆಸರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಬಿಸಿಯಿಂದ ಸ್ವಲ್ಪ ಕಡಿಮೆಯಾಗಬಹುದು ಅಂದುಕೊಂಡಿದ್ದೆ. ಸೀಸೆಗಳನ್ನು ಮಾರ್ಚ್ ಮೂರಕ್ಕೆ ಕಳಿಸಿದೆ. ಆ ಜೇನು ಹಾಕಿದ ತಟ್ಟೆ ನೋಡಿದ್ದು ಐದಕ್ಕೆ. ನೀನು ಕಂಡದ್ದನ್ನೇ ನಾನೂ ಕಂಡೆ. ನೋಟ್ ಪುಸ್ತಕದಲ್ಲಿ ಆ ದಿನದ ಪುಟವನ್ನು ಖಾಲಿ ಬಿಟ್ಟೆ. ವರದಿಗೆ ಜನವರಿಯ ಅಳತೆಗಳನ್ನು ಹಾಕಿದೆ.

ಐದರಿಂದ ಹನ್ನೆರಡರವರೆಗೆ ಏಳು ದಿನ ಇತ್ತು. ದಿನಾ ಫೋನ್ ಕೈಗೆತ್ತಿಕೊಂಡೆ. ಹೇಗಿದ್ದರೂ ಜೇನು, ಕೆಟ್ಟದ್ದೇನೂ ಮಾಡುವುದಿಲ್ಲ ಎಂದುಕೊಂಡೆ. ಮುಲಾಮು ನಿಲ್ಲಿಸುತ್ತಾರೆ ಎಂಬುದನ್ನು ನಾನು ಮರೆತಿದ್ದೆ ಎಂದು ಬರೆಯಬೇಕೆಂದಿದ್ದೆ. ಮರೆತಿರಲಿಲ್ಲ.

ಆಮೇಲೆ ನೀನೇ ಕೇಳಿದೆ. ಶುರುಮಾಡಿ ಎರಡೇ ದಿನ ಆಗಿತ್ತು. ಆಗ ಹೇಳಿದ್ದರೂ ಆಗುತ್ತಿತ್ತು. ನಾನು ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದೇನೆಂದು ಎಲ್ಲರೂ ಹೇಳುತ್ತಿದ್ದರು, ಅಕ್ಕಾ. ಅದು ಕೈ ಬಿಟ್ಟುಹೋಗುತ್ತದೆಂದು ಹೆದರಿದೆ.

ಒಂದೇ ಒಂದು ಪ್ರಶ್ನೆ. ಒಳ್ಳೆಯ ಜೇನು ಹಾಕಿದ್ದರೆ ಕಾಲು ಉಳಿಯುತ್ತಿತ್ತೇ? ಉಳಿಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ತಿಳಿಸು.

ಸಮ್ಮೇಳನ ಇಪ್ಪತ್ತೆರಡಕ್ಕೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡ. ಆಮೇಲೆ ನಾನೇ ಹೇಳುತ್ತೇನೆ.

ಗುಬ್ಬಿ


ಮೇ 17

ನಿನ್ನ ಕಾಗದ ಹದಿಮೂರಕ್ಕೆ ಬಂತು. ಹದಿನಾಲ್ಕಕ್ಕೆ ಸರ್ಜನ್ ಕೈಗೆ ಕೊಟ್ಟೆ. ಅದರ ಜೊತೆ ಮಾರ್ಚ್ ಮೂರರದ್ದು, ಹತ್ತೊಂಬತ್ತರದ್ದು. ನನಗೊಬ್ಬಳಿಗೇ ನೀನು ಬರೆದದ್ದನ್ನು ವಿಚಾರಣೆಗೆ ಕೂತ ಐದು ಜನ ಓದಿದರು. ಓದುವಾಗ ನಾನು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ. ಒಬ್ಬರು "ಕೂತ್ಕೊಳ್ಳಿ ಸಿಸ್ಟರ್" ಎಂದರು. ಕೂರಲಿಲ್ಲ. ನಿನ್ನ ಪ್ರೊಫೆಸರಿಗೆ ಅಂದೇ ಫೋನ್ ಹೋಯಿತು. ವರದಿ ವಾಪಸ್ ತೆಗೆದುಕೊಂಡಿದ್ದಾರೆಂದು ನಿನಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಸಮ್ಮೇಳನ ಮುಗಿಯುವ ತನಕ ಸುಮ್ಮನಿರು ಎಂದೆಯಲ್ಲ, ಅಷ್ಟು ಓದಿದ ಮೇಲೂ ನಿನ್ನ ಮೇಲಿದ್ದ ಸ್ವಲ್ಪ ಕರುಣೆ ಆ ಸಾಲಿನಲ್ಲಿ ಹೋಯಿತು.

ನನ್ನ ಹೇಳಿಕೆಯಲ್ಲಿ ನನ್ನದನ್ನೂ ಬರೆದಿದ್ದೇನೆ. ಬಣ್ಣ ನೋಡಿದೆ, ವಾಸನೆ ನೋಡಿದೆ, ಆದರೂ ಹಾಕಿದೆ. ಬೇರೆ ಯಾರು ಕಳಿಸಿದ ಸೀಸೆಯಾಗಿದ್ದರೂ ಆ ವಾಸನೆಗೆ ಕಸದ ಬುಟ್ಟಿಗೆ ಎಸೆಯುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಹತ್ತಿಯುಂಡೆಯನ್ನೂ ಅನುಮಾನ ಬಂದ ಮೇಲೆ ಗಾಯಕ್ಕೆ ಮುಟ್ಟಿಸಿದವಳಲ್ಲ. ನಿನ್ನ ಕೈಬರಹ ಇತ್ತು ಎಂದು ಮುಟ್ಟಿಸಿದೆ. ಗಾಯ ಕೆಟ್ಟಾಗ ಅದನ್ನೇ ಇನ್ನಷ್ಟು ಹಾಕಿದೆ. ಡ್ರೆಸ್ಸಿಂಗ್ ರೂಮಿನಿಂದ ನನ್ನನ್ನು ಮೂರು ತಿಂಗಳು ದೂರವಿಟ್ಟಿದ್ದಾರೆ. ಸ್ಟೋರಿನಲ್ಲಿ ಬ್ಯಾಂಡೇಜ್ ಎಣಿಸುತ್ತಿದ್ದೇನೆ. ಸರಿಯಾಗಿದೆ.

ಕಾಲು ಉಳಿಯುತ್ತಿತ್ತೇ ಎಂದು ಕೇಳಿದ್ದೀಯ. ಸರ್ಜನ್‌ರನ್ನು ಕೇಳಿದೆ. ಉಳಿಯುತ್ತಿತ್ತೇನೋ, ಒಳ್ಳೆಯ ಜೇನು ಹಾಕಿದ್ದರೂ ಹೋಗುತ್ತಿತ್ತೇನೋ, ಮುಲಾಮನ್ನೇ ಮುಂದುವರಿಸಿದ್ದರೆ ಹಾಗೇ ಇರುತ್ತಿತ್ತೇನೋ, ಹೇಳಲಾಗದು ಎಂದರು. ನಿನಗೆ ಬೇಕಾದ ಉತ್ತರ ಯಾರ ಹತ್ತಿರವೂ ಇಲ್ಲ. ನನಗೂ ಅದೇ ಬೇಕಿತ್ತು.

ಅಡುಗೆಯವಳು ಬಂದಿದ್ದಳು. ತೊಡೆ ಪೂರ್ತಿ ಮಾಗಿದೆ. ಆ ಜೇನು ಮತ್ತೆ ಯಾವಾಗ ಬರುತ್ತದೆ, ತನ್ನ ಓರಗಿತ್ತಿಗೆ ಬೇಕಿತ್ತು ಎಂದಳು. ಇನ್ನು ಬರುವುದಿಲ್ಲ ಎಂದೆ. ಹತ್ತು ಜನರ ಪರೀಕ್ಷೆಯನ್ನು ಏಳಕ್ಕೇ ನಿಲ್ಲಿಸಿದ್ದಾರೆ. ಮತ್ತೆ ಇಂಥದ್ದನ್ನು ಕೇಳಿಕೊಂಡು ಸರ್ಜನ್ ಬಾಗಿಲಿಗೆ ಹೋಗುವ ಮುಖ ನನಗಿಲ್ಲ. ಮೊನ್ನೆ ಪೆಟ್ಟಿಗೆಗಳ ಹತ್ತಿರ ಹೋಗಿದ್ದೆ. ಕುಡಿಕೆಗಳು ತುಂಬಿವೆ. ಹಾಗೇ ಮುಚ್ಚಿ ಬಂದೆ.

ಮೇಷ್ಟ್ರಿಗೆ ನಾನೇ ಹೇಳುತ್ತೇನೆಂದು ಕೇಳಿಕೊಂಡೆ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಎಲ್ಲ ಹೇಳಿದೆ. ಕೇಳಿಸಿಕೊಂಡರು. ಒಂದೇ ಮಾತು ಕೇಳಿದರು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್."

ಗೋಡೆಯ ಕಡೆ ತಿರುಗಿಕೊಂಡರು. ಮಾರನೆಯ ದಿನ ಮನೆಗೆ ಹೊರಡುವಾಗ ಅವರ ಮಗಳು ಚೀಲ ಹಿಡಿದು ನಿಂತಿದ್ದಳು. ಅವಳೆದುರಿಗೇ ನನ್ನನ್ನು ಕರೆದರು.

"ನಿನ್ನ ತಂಗಿ ಕಾಗದ ಬರೆದರೆ ನಾನು ಓದಲ್ಲ. ಬರಬೇಕಾದ್ರೆ ಬರಲಿ. ನಾನು ಬೈಯಲ್ಲ ಅಂತ ಮೊದಲೇ ಹೇಳಿಬಿಡು. ಬೈಸಿಕೊಂಡು ಹಗುರ ಮಾಡಿಕೊಂಡು ಹೋಗೋದು ಬೇಡ."

ಅದಕ್ಕೇ ಈ ಕಾಗದ. ಇದಾದ ಮೇಲೆ ಸದ್ಯಕ್ಕೆ ನಾನು ಬರೆಯುವುದಿಲ್ಲ. ನೀನು ಬರೆದರೂ ಒಡೆಯುತ್ತೇನೋ ಇಲ್ಲವೋ ಗೊತ್ತಿಲ್ಲ. ನಿನ್ನ ಅಕ್ಷರ ಕಂಡರೆ ಈಗ ಲೇಬಲ್ ನೆನಪಾಗುತ್ತದೆ.

ಊರಿಗೆ ಬಾ. ನಮ್ಮ ಮನೆಗೆ ಮೊದಲು ಬರಬೇಡ. ಬಸ್ಸಿಳಿದು ಸೀದಾ ಅವರ ಮನೆಗೆ ಹೋಗು. ಶಾಲೆಯ ಹಿಂದಿನ ಬೀದಿ, ಎಡಗಡೆ ಮೂರನೆಯದು, ಹಸಿರು ಬಾಗಿಲು. ಅವರ ಮಗಳು ಹಗಲು ಕೆಲಸಕ್ಕೆ ಹೋಗಿರುತ್ತಾಳೆ, ಅವರೊಬ್ಬರೇ ಇರುತ್ತಾರೆ. ನಾನು ಜೊತೆಗೆ ಬರುವುದಿಲ್ಲ.

ಒಂದೇ ಸಲ ತಟ್ಟು. ಯಾರೂ ಬರಲಿಲ್ಲವೆಂದು ತಿರುಗಿ ಹೋಗಬೇಡ. ಎದ್ದು ಬಾಗಿಲಿನವರೆಗೆ ಬರುವುದಕ್ಕೆ ಅವರಿಗೆ ಈಗ ತುಂಬ ಹೊತ್ತು ಬೇಕು. ನಿಂತಿರು.

ಅಕ್ಕ